ವ್ಯಾಂಡಲಿಸಂ: ಕುಲದ ಹೆಸರೇ ಬೈಗುಳವಾದ ಕಥೆ

ದಿನವೂ ಇಂಗ್ಲಿಷಿನಿಂದ ಕನ್ನಡಕ್ಕೆ ಸುದ್ದಿ ಇಳಿಸುವವರಿಗೆ ಕೆಲವು ಪದಗಳು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು. ‘ವ್ಯಾಂಡಲಿಸಂ’ ಅಂಥದೊಂದು ಪದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸುದ್ದಿಸಂಸ್ಥೆಯೊಂದರ ವರದಿ ನನ್ನ ಪಾಲಿಗೆ ಬಂತು. ಯಾವುದೋ ಊರಿನ ಉದ್ಯಾನದಲ್ಲಿ ರಾತ್ರೋರಾತ್ರಿ ಕಲ್ಲುಬೆಂಚು ಮುರಿದು, ಪ್ರತಿಮೆಯ ಮೂಗು ಒಡೆದು ಹೋಗಿದ್ದರು. ವರದಿಯಲ್ಲಿ ‘ವ್ಯಾಂಡಲಿಸಂ’ ಎಂದಿತ್ತು. ನಾನು ‘ವಿಧ್ವಂಸಕ ಕೃತ್ಯ’ ಎಂದು ಬರೆದೆ. ಹಿರಿಯ ಉಪಸಂಪಾದಕರು ಅದನ್ನು ಹೊಡೆದುಹಾಕಿ, ‘ವಿಧ್ವಂಸಕ ಕೃತ್ಯ ಅಂದ್ರೆ ರೈಲು ಹಳಿ ಕಿತ್ತವರ ಕೆಲಸ ಕಣ್ರೀ. ಇವರು ಬೆಂಚು ಮುರಿದವರು’ ಎಂದರು. ಆ ಜಾಗದಲ್ಲಿ ‘ಕಿಡಿಗೇಡಿಗಳ ಕೃತ್ಯ’ ಎಂದು ತಿದ್ದಿದರು.

‘ಸಾರ್, ಕಿಡಿಗೇಡಿ ಅನ್ನೋದು ಮಾಡಿದವನ ಹೆಸರಾಯಿತು. ಮಾಡಿದ ಕೆಲಸಕ್ಕೆ ಏನಂತ ಹೆಸರು?’ ಎಂದು ಕೇಳಿದೆ.

‘ಮೂವತ್ತು ವರ್ಷದಿಂದ ನಾನೂ ಅದನ್ನೇ ಹುಡುಕ್ತಾ ಇದೀನಿ. ನೀವೂ ಸ್ವಲ್ಪ ಹುಡುಕಿ ನೋಡಿ’ ಎಂದು ನಕ್ಕರು.

ಕನ್ನಡದ ಪದ ಇನ್ನೂ ಸಿಕ್ಕಿಲ್ಲ. ಆದರೆ ಹುಡುಕುತ್ತ ಹೋದಾಗ ಇಂಗ್ಲಿಷ್ ಪದದ ಹಿಂದೆ ಒಂದು ದೊಡ್ಡ ಕಥೆಯೇ ಇರುವುದು ತಿಳಿಯಿತು. ನಾಶಕ್ಕೆ ಇಂಗ್ಲಿಷಿನಲ್ಲಿ ಪದಗಳ ಕೊರತೆಯಿಲ್ಲ. ಈ ಪದದ ವಿಶೇಷವೇನೆಂದರೆ, ಇದು ಒಂದು ಜನಾಂಗದ ಹೆಸರು. ಆ ಜನಾಂಗ ಅಳಿದು ಸುಮಾರು ಸಾವಿರದ ಐನೂರು ವರ್ಷಗಳಾದವು. ಅವರ ಊರಿಲ್ಲ, ಅರಮನೆಯಿಲ್ಲ, ಅವರ ಭಾಷೆಯೂ ಇಲ್ಲ. ಹೆಸರು ಮಾತ್ರ ಬೈಗುಳವಾಗಿ ಉಳಿದಿದೆ.

ಪದದ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಕದಿಯುವುದು ವ್ಯಾಂಡಲಿಸಂ ಅಲ್ಲ. ಕಳ್ಳನಿಗೆ ವಸ್ತು ಬೇಕು. ಯುದ್ಧದಲ್ಲಿ ಕೋಟೆ ಒಡೆಯುವುದೂ ಅಲ್ಲ. ಸೇನಾಪತಿಗೆ ಗೆಲುವು ಬೇಕು. ಯಾವ ಲಾಭವೂ ಇಲ್ಲದೆ, ಸುಂದರವಾದದ್ದನ್ನೋ ಎಲ್ಲರಿಗೂ ಸೇರಿದ್ದನ್ನೋ ಬೇಕೆಂದೇ ಕೆಡಿಸುವುದಕ್ಕೆ ಈ ಪದ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಯಾಕೆಂದರೆ ಯಾರ ಹೆಸರಿನಿಂದ ಈ ಪದ ಹುಟ್ಟಿತೋ ಅವರು ಮಾಡಿದ್ದು ಮುಖ್ಯವಾಗಿ ಮೊದಲನೆಯದನ್ನು.

ಯಾರು ಈ ವ್ಯಾಂಡಲರು?

ವ್ಯಾಂಡಲರು ಜರ್ಮನಿಕ್ ಬುಡಕಟ್ಟುಗಳಲ್ಲಿ ಒಬ್ಬರು. ಮಧ್ಯ ಯುರೋಪಿನಲ್ಲಿದ್ದ ಇವರು ಕ್ರಿ.ಶ. 406ರ ಕೊನೆಯ ದಿನ ಬೇರೆ ಕೆಲವು ಬುಡಕಟ್ಟುಗಳೊಂದಿಗೆ ರೈನ್ ನದಿ ದಾಟಿ ರೋಮನ್ ಸಾಮ್ರಾಜ್ಯದೊಳಕ್ಕೆ ನುಗ್ಗಿದರೆಂದು ರೂಢಿಯ ಲೆಕ್ಕ. ಈಗಿನ ಫ್ರಾನ್ಸ್ ಹಾದು 409ರಲ್ಲಿ ಸ್ಪೇನ್ ತಲುಪಿದರು. ಅಲ್ಲೂ ನೆಲೆ ನಿಲ್ಲಲಿಲ್ಲ. 429ರಲ್ಲಿ ಗೈಸೆರಿಕ್ ಎಂಬ ದೊರೆಯ ಮುಂದಾಳುತನದಲ್ಲಿ ಹೆಂಗಸರು, ಮಕ್ಕಳು, ಮುದುಕರ ಸಮೇತ ಕಡಲು ದಾಟಿ ಉತ್ತರ ಆಫ್ರಿಕಾಕ್ಕೆ ಇಳಿದರು. ಹಾಗೆ ದಾಟಿದವರು 80 ಸಾವಿರ ಮಂದಿ ಎಂದು ಆ ಶತಮಾನದ ಲೇಖಕ, ವಿಟಾ ಊರಿನ ಬಿಷಪ್ ವಿಕ್ಟರ್ ಬರೆದಿದ್ದಾನೆ. ಮರುವರ್ಷ ಅವರು ಹಿಪ್ಪೊ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದಾಗ ಕೋಟೆಯೊಳಗೆ ಕೊನೆಯುಸಿರೆಳೆದವನು ಕ್ರೈಸ್ತ ಜಗತ್ತಿನ ಮಹಾ ಚಿಂತಕ ಸಂತ ಅಗಸ್ಟಿನ್. 439ರಲ್ಲಿ ಕಾರ್ಥೇಜ್ ನಗರ ಅವರ ಕೈವಶವಾಯಿತು. ಕಾರ್ಥೇಜ್ ಈಗಿನ ಟುನೀಶಿಯಾದಲ್ಲಿದೆ. ರೋಮ್ ನಗರ ಉಣ್ಣುತ್ತಿದ್ದ ಗೋಧಿ ಈ ಆಫ್ರಿಕಾದಿಂದಲೇ ಹೋಗಬೇಕಿತ್ತು. ಅಂದರೆ ರೋಮಿನ ಅನ್ನದ ತಟ್ಟೆಯೇ ವ್ಯಾಂಡಲರ ಕೈಗೆ ಸೇರಿತು.

ಮುಂದೆ ನಡೆದದ್ದು ಒಂದು ಮದುವೆಯ ಜಗಳ. ರೋಮನ್ ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್ ತನ್ನ ಮಗಳು ಯೂಡೋಕಿಯಾಳನ್ನು ಗೈಸೆರಿಕ್‌ನ ಮಗ ಹುನೆರಿಕ್‌ಗೆ ಕೊಡುವ ಮಾತಾಗಿತ್ತು. 455ರ ಮಾರ್ಚಿಯಲ್ಲಿ ಚಕ್ರವರ್ತಿಯ ಕೊಲೆಯಾಯಿತು. ಸಿಂಹಾಸನಕ್ಕೆ ಬಂದ ಪೆಟ್ರೋನಿಯಸ್ ಮ್ಯಾಕ್ಸಿಮಸ್ ಸತ್ತ ದೊರೆಯ ಹೆಂಡತಿಯನ್ನು ತಾನು ಮದುವೆಯಾಗಿ, ಮಗಳನ್ನು ತನ್ನ ಮಗನಿಗೆ ತಂದುಕೊಂಡ. ಮಾತು ಮುರಿಯಿತು ಎಂಬ ನೆಪ ಸಾಕಾಯಿತು. ಗೈಸೆರಿಕ್ ಹಡಗು ಹೊರಡಿಸಿದ. ಹಡಗು ಬರುತ್ತಿರುವ ಸುದ್ದಿ ಕೇಳಿ ಓಡಿಹೋಗಲು ನೋಡಿದ ಮ್ಯಾಕ್ಸಿಮಸ್‌ನನ್ನು ರೋಮಿನ ಜನರೇ ಕೊಂದರು.

ಹದಿನಾಲ್ಕು ದಿನ

455ರ ಜೂನ್ 2ರಂದು ವ್ಯಾಂಡಲರು ರೋಮ್ ಹೊಕ್ಕರು. ಊರ ಬಾಗಿಲಲ್ಲಿ ಪೋಪ್ ಒಂದನೆಯ ಲಿಯೊ ಗೈಸೆರಿಕ್‌ನನ್ನು ಎದುರುಗೊಂಡು, ಬೆಂಕಿ ಹಚ್ಚಬೇಡ, ಜನರನ್ನು ಕೊಲ್ಲಬೇಡ ಎಂದು ಬೇಡಿಕೊಂಡನೆಂದು ಆ ಕಾಲದ ಬರಹ ಹೇಳುತ್ತದೆ. ಗೈಸೆರಿಕ್ ಬಹುಮಟ್ಟಿಗೆ ಮಾತು ನಡೆಸಿಕೊಟ್ಟ ಎಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ.

ಆಮೇಲೆ ಹದಿನಾಲ್ಕು ದಿನ ಅವರು ಮಾಡಿದ್ದು ಶಿಸ್ತಿನ ಲೂಟಿ. ಅರಮನೆಯ ಚಿನ್ನ, ಬೆಳ್ಳಿ, ಪಾತ್ರೆ ಪಗಡ ಎಲ್ಲವನ್ನೂ ಹಡಗಿಗೆ ತುಂಬಿದರು. ಜ್ಯೂಪಿಟರ್ ದೇವಾಲಯದ ಚಾವಣಿಗೆ ಹೊದಿಸಿದ್ದ ಚಿನ್ನದ ಲೇಪದ ಕಂಚಿನ ತಗಡನ್ನು ಅರ್ಧದಷ್ಟು ಕಿತ್ತುಕೊಂಡರು. ಕ್ರಿ.ಶ. 70ರಲ್ಲಿ ರೋಮನ್ನರೇ ಜೆರುಸಲೇಮಿನ ಯೆಹೂದಿ ದೇವಾಲಯದಿಂದ ದೋಚಿ ತಂದಿದ್ದ ಒಡವೆಗಳೂ ಈ ಲೂಟಿಯಲ್ಲಿ ಸೇರಿದ್ದವು. ಕಳ್ಳನ ಮನೆಗೇ ಕನ್ನ ಬಿದ್ದ ಹಾಗಾಯಿತು. ವಿಧವೆಯಾದ ರಾಣಿಯನ್ನೂ ಇಬ್ಬರು ರಾಜಕುಮಾರಿಯರನ್ನೂ ಜೊತೆಗೆ ಸಾವಿರಾರು ಸೆರೆಯಾಳುಗಳನ್ನೂ ಕಾರ್ಥೇಜಿಗೆ ಒಯ್ದರು.

ಇದನ್ನು ಸಣ್ಣ ಅಪರಾಧ ಎನ್ನುವ ಹಾಗಿಲ್ಲ. ಸೆರೆಯಾಳುಗಳನ್ನು ಹಂಚಿಕೊಳ್ಳುವಾಗ ಗಂಡನನ್ನು ಹೆಂಡತಿಯಿಂದ, ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡಿದರು. ಕಾರ್ಥೇಜಿನ ಬಿಷಪ್ ಡಿಯೊಗ್ರಾಷಿಯಸ್ ಚರ್ಚಿನ ಬೆಳ್ಳಿ ಬಂಗಾರದ ಪಾತ್ರೆಗಳನ್ನು ಮಾರಿ ಅಂಥವರನ್ನು ಬಿಡಿಸಿಕೊಂಡ. ಎರಡು ಚರ್ಚುಗಳಲ್ಲಿ ಹಾಸಿಗೆ ಹಾಸಿ ರೋಗಿಗಳ ಆರೈಕೆ ಮಾಡಿಸಿದ. ಇದನ್ನು ಬರೆದಿಟ್ಟವನೂ ಅದೇ ವಿಕ್ಟರ್.

ಆದರೆ ಕಟ್ಟಡ ಉರುಳಿಸುವುದಾಗಲಿ, ಶಿಲ್ಪದ ಮೂಗು ಒಡೆಯುವುದಾಗಲಿ ವ್ಯಾಂಡಲರ ಕೆಲಸವಾಗಿರಲಿಲ್ಲ. ಪ್ರತಿಮೆಗಳು ಅವರಿಗೆ ಬೆಲೆಬಾಳುವ ಸರಕು. ಪ್ರತಿಮೆ ಹೊತ್ತ ಒಂದು ಹಡಗು ದಾರಿಯಲ್ಲಿ ಮುಳುಗಿತೆಂದು ಗ್ರೀಕ್ ಇತಿಹಾಸಕಾರ ಪ್ರೊಕೋಪಿಯಸ್ ಹೇಳುತ್ತಾನೆ. ಒಡೆಯುವವರು ಪ್ರತಿಮೆಯನ್ನು ಹಡಗಿಗೇಕೆ ಹೇರುತ್ತಾರೆ?

ಹಾಗಾದರೆ ರೋಮನ್ನು ಕೆಡವಿದವರು ಯಾರು?

ವ್ಯಾಂಡಲರು ಹೋದ ಮೂರೇ ವರ್ಷಕ್ಕೆ, 458ರಲ್ಲಿ, ಚಕ್ರವರ್ತಿ ಮಜೋರಿಯನ್ ಒಂದು ಕಾನೂನು ಹೊರಡಿಸಿದ. ಮನೆ ಕಟ್ಟುವ ಕಲ್ಲಿಗಾಗಿ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಕೆಡವುವುದನ್ನು ಅದು ನಿಷೇಧಿಸಿತು. ಹಾಗೆ ಕೆಡವಲು ಅನುಮತಿ ಕೊಡುವ ನ್ಯಾಯಾಧಿಕಾರಿಗೆ ದಂಡ 50 ಪೌಂಡ್ ಚಿನ್ನ. ಅವನ ಮಾತು ಕೇಳಿ ಕೆಳಗಿನ ಸಿಬ್ಬಂದಿ ಸಹಕರಿಸಿದರೆ ಚಾವಟಿ ಏಟು, ಜೊತೆಗೆ ಕೈ ಕತ್ತರಿಸುವ ಶಿಕ್ಷೆ. ಇಷ್ಟು ಕಠಿಣ ಕಾನೂನು ಬೇಕಾಯಿತೆಂದರೆ ಕೆಡವುತ್ತಿದ್ದವರು ಹೊರಗಿನ ಶತ್ರುಗಳಲ್ಲ, ರೋಮಿನ ನಾಗರಿಕರೇ ಎಂದಾಯಿತು.

ಮುಂದಿನ ಸಾವಿರ ವರ್ಷ ಇದೇ ನಡೆಯಿತು. ಅಮೃತಶಿಲೆಯ ಶಿಲ್ಪಗಳನ್ನು ಸುಣ್ಣದ ಗೂಡಿಗೆ ಹಾಕಿ ಸುಟ್ಟು ಗೋಡೆಗೆ ಬಳಿದರು. ಕೊಲೋಸಿಯಂ ಕಲ್ಲಿನ ಗಣಿಯಾಯಿತು. ಹದಿನೇಳನೆಯ ಶತಮಾನದಲ್ಲಿ ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನ್ ಪ್ಯಾಂಥಿಯಾನ್ ದೇಗುಲದ ಮೊಗಸಾಲೆಯ ಕಂಚು ಕೀಳಿಸಿ ಫಿರಂಗಿ ಎರಕ ಹೊಯ್ಯಿಸಿದ. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಎಂದು ರೋಮಿನ ಜನ ಆಗ ಆಡಿಕೊಂಡರಂತೆ.

ಇತ್ತ ಆಫ್ರಿಕಾದಲ್ಲಿ ವ್ಯಾಂಡಲರು ಏನು ಮಾಡುತ್ತಿದ್ದರು? ದಿನವೂ ಸ್ನಾನಗೃಹ, ಬೇಟೆ, ನಾಟಕ, ತೋಪು, ಔತಣ ಎಂದು ರೋಮನ್ನರಂತೆಯೇ ಸುಖವಾಗಿದ್ದರೆಂದು ಪ್ರೊಕೋಪಿಯಸ್ ವರ್ಣಿಸಿದ್ದಾನೆ. ಅವರ ಆಸ್ಥಾನದಲ್ಲಿ ಲ್ಯಾಟಿನ್ ಕವಿಗಳಿದ್ದರು. 1928ರಲ್ಲಿ ಅಲ್ಜೀರಿಯಾ-ಟುನೀಶಿಯಾ ಗಡಿಯ ಬಳಿ ಕೆಲವು ಮರದ ಹಲಗೆಗಳು ದೊರೆತವು. ವ್ಯಾಂಡಲ್ ದೊರೆ ಗುಂಥಮುಂಡ್‌ನ ಆಳ್ವಿಕೆಯ 493ರಿಂದ 496ರವರೆಗಿನ ಪತ್ರಗಳವು. ಅವುಗಳಲ್ಲಿ ಹೆಚ್ಚಿನವು ಆಲಿವ್ ಮರ, ಅಂಜೂರದ ಮರಗಳಿದ್ದ ತುಂಡು ಜಮೀನುಗಳ ಮಾರಾಟದ ಕ್ರಯಪತ್ರಗಳು. ಭಾಷೆ ಲ್ಯಾಟಿನ್, ಕಾನೂನು ರೋಮನ್ನರದೇ. ದೊರೆ ಬದಲಾದರೂ ಪಹಣಿ ಬದಲಾಗಲಿಲ್ಲ!

533ರಲ್ಲಿ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಕಳಿಸಿದ ದಂಡನಾಯಕ ಬೆಲಿಸೇರಿಯಸ್ ವ್ಯಾಂಡಲರನ್ನು ಸೋಲಿಸಿದ. ಮರುವರ್ಷ ಕೊನೆಯ ದೊರೆ ಗೆಲಿಮರ್ ಶರಣಾದ. ಗಂಡಸರನ್ನು ಪೂರ್ವದ ಗಡಿಗೆ ಸೈನಿಕರನ್ನಾಗಿ ಸಾಗಿಸಿದರು. ಅಲ್ಲಿಗೆ ವ್ಯಾಂಡಲರ ಕಥೆ ಮುಗಿಯಿತು. ಅವರ ನುಡಿಯಲ್ಲಿ ಇಂದು ಉಳಿದಿರುವುದು ಕೆಲವು ಹೆಸರುಗಳು, ಬೆರಳೆಣಿಕೆಯ ಪದಗಳು. ಅವರು ತಮ್ಮ ಚರಿತ್ರೆಯನ್ನು ತಾವು ಬರೆದು ಉಳಿಸಲಿಲ್ಲ. ಬರೆದವರೆಲ್ಲ ಅವರ ವಿರೋಧಿಗಳೇ. ವಿಕ್ಟರ್, ಅವರ ಪಂಥದಿಂದ ಕಿರುಕುಳ ಅನುಭವಿಸಿದ ಚರ್ಚಿನವನು. ಪ್ರೊಕೋಪಿಯಸ್, ಅವರನ್ನು ಸೋಲಿಸಿದ ಬೆಲಿಸೇರಿಯಸ್‌ನ ಕಾರ್ಯದರ್ಶಿ.

ಪಾದ್ರಿಯ ಟಂಕಸಾಲೆ

ಇಂಗ್ಲಿಷಿನಲ್ಲಿ ‘ವ್ಯಾಂಡಲ್’ ಎಂಬುದು ಒರಟ, ಹಾಳುಗೆಡವುವವ ಎಂಬ ಅರ್ಥಕ್ಕೆ ಹದಿನೇಳನೆಯ ಶತಮಾನದಲ್ಲೇ ಬಂದಿತ್ತು. ‘ಗಾಥರು ಮತ್ತು ವ್ಯಾಂಡಲರು’ ಎಂದು ಜೋಡಿಯಾಗಿ ಬೈಯುವುದು ವಾಡಿಕೆ. ಗಾಥರೂ 410ರಲ್ಲಿ ಮೂರು ದಿನ ರೋಮ್ ಸೂರೆ ಮಾಡಿದವರೇ. ಆದರೆ ಅವರ ಅದೃಷ್ಟ ಬೇರೆಯಿತ್ತು. ಚೂಪುಕಮಾನಿನ ಚರ್ಚುಗಳ ಶೈಲಿಗೆ ಮೊದಲು ನಿಂದೆಯಾಗಿ ಅಂಟಿದ ‘ಗಾಥಿಕ್’ ಎಂಬ ಹೆಸರು ಕಾಲಾಂತರದಲ್ಲಿ ಮೆಚ್ಚುಗೆಯ ಮಾತಾಯಿತು. ವ್ಯಾಂಡಲರಿಗೆ ಅಂಥ ಭಾಗ್ಯ ಬರಲಿಲ್ಲ.

ಅವರ ಹೆಸರಿನ ಮೇಲೆ ಕೊನೆಯ ಮೊಹರು ಒತ್ತಿದವನು ಫ್ರಾನ್ಸಿನ ಪಾದ್ರಿ, ಬ್ಲುವಾ ಊರಿನ ಬಿಷಪ್ ಆಂರಿ ಗ್ರೆಗ್ವಾರ್. 1789ರ ಕ್ರಾಂತಿಯ ನಂತರ ಫ್ರಾನ್ಸಿನಲ್ಲಿ ರಾಜರ, ಚರ್ಚಿನ ಗುರುತುಗಳ ಮೇಲೆ ಜನರ ಸಿಟ್ಟು ತಿರುಗಿತು. 1793ರಲ್ಲಿ ಸಾಂ ದೆನಿಯ ರಾಜಸಮಾಧಿಗಳನ್ನು ಅಗೆದು ತೆಗೆದರು. ಅದೇ ವರ್ಷ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮುಂಭಾಗದ 28 ಅರಸರ ಪ್ರತಿಮೆಗಳನ್ನು ಕೆಳಗಿಳಿಸಿ ತಲೆ ಕಡಿದರು. ತಮಾಷೆಯೆಂದರೆ ಅವರು ಫ್ರಾನ್ಸಿನ ಅರಸರೇ ಅಲ್ಲ, ಬೈಬಲಿನ ಜೂಡಾ ದೇಶದ ಅರಸರು. ಕಳೆದುಹೋಗಿದ್ದ ಆ ತಲೆಗಳಲ್ಲಿ 21 ತಲೆಗಳು 1977ರಲ್ಲಿ ಪ್ಯಾರಿಸ್ಸಿನಲ್ಲೇ ನೆಲದೊಳಗೆ ಸಿಕ್ಕವು. ಈಗ ಅವು ಕ್ಲುನಿ ವಸ್ತುಸಂಗ್ರಹಾಲಯದಲ್ಲಿವೆ.

ಗ್ರೆಗ್ವಾರ್ ಕ್ರಾಂತಿಯ ಪಕ್ಷದವನೇ. ಯೆಹೂದಿಗಳಿಗೆ ಸಮಾನ ಹಕ್ಕು ಬೇಕೆಂದು, ಗುಲಾಮಗಿರಿ ತೊಲಗಬೇಕೆಂದು ಹೋರಾಡಿದವನು. ಆದರೆ ಕಣ್ಣೆದುರಿನ ಈ ಒಡೆದಾಟ ಅವನಿಗೆ ಸಹಿಸಲಾಗಲಿಲ್ಲ. ರಾಜನನ್ನು ಇಳಿಸಿದ ಮೇಲೆ ರಾಜನ ಶಿಲ್ಪ ರಾಜನದಲ್ಲ, ದೇಶದ್ದು. ಅದನ್ನು ಒಡೆಯುವವನು ತನ್ನ ಸೊತ್ತನ್ನೇ ಒಡೆದುಕೊಳ್ಳುತ್ತಾನೆ ಎಂಬುದು ಅವನ ವಾದದ ಸಾರ. 1794ರಲ್ಲಿ ರಾಷ್ಟ್ರೀಯ ಸಭೆಯ ಮುಂದೆ ಈ ನಾಶದ ಬಗ್ಗೆ ಒಂದರ ಹಿಂದೆ ಒಂದರಂತೆ ವರದಿಗಳನ್ನು ಓದಿದ. ಆಗಸ್ಟ್ 31ರ ವರದಿಯ ಶೀರ್ಷಿಕೆಯಲ್ಲೇ ‘ವಂದಾಲಿಸ್ಮ್’ ಎಂಬ ಹೊಸ ಪದವಿತ್ತು. ಆ ಕೃತ್ಯವನ್ನು ಕೊಲ್ಲಲೆಂದೇ ತಾನು ಆ ಪದವನ್ನು ಹುಟ್ಟಿಸಿದ್ದಾಗಿ ಮುಂದೆ ತನ್ನ ನೆನಪುಗಳಲ್ಲಿ ಹೇಳಿಕೊಂಡ.

ಕೃತ್ಯ ಸಾಯಲಿಲ್ಲ, ಪದ ಮಾತ್ರ ಬದುಕಿತು. ಶತಮಾನ ಮುಗಿಯುವುದರೊಳಗೆ ಇಂಗ್ಲಿಷಿಗೆ ದಾಟಿ, ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಹೆಸರಿಟ್ಟದ್ದರಿಂದ ಒಂದು ಉಪಕಾರವಂತೂ ಆಯಿತು. ಅಲ್ಲಿಯವರೆಗೆ ಸಿಟ್ಟು, ಉತ್ಸಾಹ, ದೇಶಭಕ್ತಿ ಎಂದೆಲ್ಲ ಕರೆಸಿಕೊಳ್ಳುತ್ತಿದ್ದ ಕೆಲಸ ಅಂದಿನಿಂದ ಅಪರಾಧವಾಗಿ ಕಾಣತೊಡಗಿತು.

ಗ್ರೆಗ್ವಾರ್ ಕಥೆಯ ಇನ್ನೊಂದು ಪುಟ

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖಾಂತವಾಗುತ್ತಿತ್ತು. ಆದರೆ ಅದೇ ವರ್ಷ, ಆ ಆಗಸ್ಟ್ ವರದಿಗೆ ಮೂರು ತಿಂಗಳು ಮೊದಲು, ಜೂನ್ 4ರಂದು ಇದೇ ಗ್ರೆಗ್ವಾರ್ ಇನ್ನೊಂದು ವರದಿ ಓದಿದ್ದ. ಅದರ ವಿಷಯ, ಫ್ರಾನ್ಸಿನ ಆಡುನುಡಿಗಳನ್ನು ನಿರ್ಮೂಲ ಮಾಡಿ ಫ್ರೆಂಚನ್ನು ಸಾರ್ವತ್ರಿಕಗೊಳಿಸುವ ಅಗತ್ಯ ಮತ್ತು ಉಪಾಯ. ಇದಕ್ಕಾಗಿ 1790ರಲ್ಲೇ 43 ಪ್ರಶ್ನೆಗಳ ಪಟ್ಟಿ ಕಳಿಸಿ ದೇಶದಾದ್ಯಂತ ಮಾಹಿತಿ ತರಿಸಿದ್ದ. ಅವನ ಲೆಕ್ಕದಂತೆ ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಇನ್ನೂ ಅಷ್ಟೇ ಜನ ಅದರಲ್ಲಿ ಸರಿಯಾಗಿ ಮಾತು ಮುಂದುವರಿಸಲಾರರು. ಶುದ್ಧವಾಗಿ ಆಡುವವರು 30 ಲಕ್ಷ ಮೀರುತ್ತಿರಲಿಲ್ಲ.

ಅವನ ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಕಾನೂನು ಅರ್ಥವಾಗದ ಜನ ಸ್ವತಂತ್ರರಾಗುವುದು ಹೇಗೆ ಎಂಬುದು ಅವನ ಚಿಂತೆ. ಆದರೂ ಬ್ರೆಟನ್, ಬಾಸ್ಕ್, ಆಕ್ಸಿಟನ್ ಮುಂತಾದ ನುಡಿಗಳು ಒಂದೊಂದೂ ಒಂದೊಂದು ಹಳೆಯ ಕಟ್ಟಡ ಎಂಬುದು, ಕಲ್ಲಿನ ತಲೆ ಉರುಳಿದ್ದಕ್ಕೆ ಮರುಗಿದವನಿಗೆ ಕಾಣಲಿಲ್ಲ. ಮುಂದೆ ಫ್ರಾನ್ಸಿನ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆಯಾಗುವ ಕಾಲವೂ ಬಂತು. 1989ರಲ್ಲಿ ಗ್ರೆಗ್ವಾರ್‌ನ ಅವಶೇಷಗಳನ್ನು ಫ್ರಾನ್ಸ್ ತನ್ನ ಮಹನೀಯರ ಸ್ಮಾರಕ ಪ್ಯಾಂಥಿಯಾನಿಗೆ ಗೌರವದಿಂದ ಸೇರಿಸಿತು. 2008ರಲ್ಲಿ ಅದೇ ಫ್ರಾನ್ಸ್ ತನ್ನ ಸಂವಿಧಾನಕ್ಕೆ ಒಂದು ಸಾಲು ಸೇರಿಸಿ, ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆಗೆ ಸೇರಿದವು ಎಂದು ಒಪ್ಪಿಕೊಂಡಿತು. ಒಪ್ಪುವ ಹೊತ್ತಿಗೆ ಅವುಗಳಲ್ಲಿ ಹಲವನ್ನು ಆಡುವವರು ಮುದುಕರು ಮಾತ್ರ ಉಳಿದಿದ್ದರು.

ನಮ್ಮಲ್ಲಿ ಶಾಪ, ಈಗ ಕಾನೂನು

ನಮ್ಮ ಹಿರಿಯರು ಈ ಕೃತ್ಯಕ್ಕೆ ಒಂದೇ ಪದ ಹುಟ್ಟಿಸದಿದ್ದರೂ ಅದನ್ನು ಚೆನ್ನಾಗಿ ಅರಿತಿದ್ದರು. ಕನ್ನಡ ಶಾಸನಗಳ ಕೊನೆಯಲ್ಲಿ ಶಾಪಾಶಯ ಬರುತ್ತದೆ. ಈ ಧರ್ಮವನ್ನು ಕಾಪಾಡಿದವನಿಗೆ ಪುಣ್ಯ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪ ಎಂಬ ಅರ್ಥದ ಮಾತು ಎಷ್ಟೋ ಕಲ್ಲುಗಳಲ್ಲಿದೆ. ಪೊಲೀಸರಿಲ್ಲದ ಜಾಗದಲ್ಲಿ ಕಲ್ಲನ್ನು ಕಾಯಲು ಅವರು ನಿಲ್ಲಿಸಿದ ಕಾವಲುಗಾರ ಈ ಪಾಪಭೀತಿ.

ಈಗ ಆ ಕಾವಲುಗಾರನ ಭಯ ಉಳಿದಂತಿಲ್ಲ. 2019ರ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಕೆಲವು ಯುವಕರು ಕಲ್ಲಿನ ಕಂಬ ನೂಕಿ ಬೀಳಿಸುವ ವಿಡಿಯೊ ಎಲ್ಲೆಡೆ ಹರಿದಾಡಿತು. ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿದ್ದಲ್ಲದೆ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಅದೇ ವರ್ಷ ಜುಲೈಯಲ್ಲಿ ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನು ನಿಧಿಯ ಆಸೆಗೆ ಒಡೆದು ಹಾಕಿದರು. ಭಕ್ತರು ಕೂಡಲೇ ಸೇರಿ ಅದನ್ನು ಮತ್ತೆ ಕಟ್ಟಿದರು. ಎರಡೂ ತುಂಗಭದ್ರೆಯ ದಡದ ಆಸುಪಾಸಿನ ಘಟನೆಗಳು. ಆದರೆ ಪದದ ಲೆಕ್ಕದಲ್ಲಿ ಮೊದಲನೆಯದೇ ಅಸಲಿ ವ್ಯಾಂಡಲಿಸಂ. ಎರಡನೆಯವರಿಗೆ ನಿಧಿಯ ಆಸೆಯಾದರೂ ಇತ್ತು, ಗೈಸೆರಿಕ್‌ಗಿದ್ದ ಹಾಗೆ. ಕಂಬ ನೂಕಿದವರಿಗೆ ಏನೂ ಬೇಕಿರಲಿಲ್ಲ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಇಂಥ ಕೃತ್ಯಕ್ಕೆ ಮೂರು ತಿಂಗಳು ಸೆರೆ ಅಥವಾ ಐದು ಸಾವಿರ ದಂಡ ಇತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡಕ್ಕೆ ಏರಿಸಿತು. ಕಾನೂನು ಕಾಯುವುದು ಸಂರಕ್ಷಿತ ಪಟ್ಟಿಯಲ್ಲಿರುವ ಸ್ಮಾರಕವನ್ನು. ಹಳ್ಳಿಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುವ ವೀರಗಲ್ಲು, ಕಾಲುವೆಗೆ ಚಪ್ಪಡಿಯಾಗಿರುವ ಶಾಸನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ರೋಮಿನ ಸುಣ್ಣದ ಗೂಡಿನ ಕಥೆ ನಮಗೆ ದೂರದ್ದೇನಲ್ಲ.

ಗ್ರೆಗ್ವಾರ್‌ನ ಎರಡನೆಯ ಕಥೆಯೂ ದೂರದ್ದಲ್ಲ. ಯುನೆಸ್ಕೊ ಸಿದ್ಧಪಡಿಸಿದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ನಮ್ಮ ತುಳು, ಕೊಡವ, ಕೊರಗ ನುಡಿಗಳ ಹೆಸರಿವೆ. ಅವುಗಳ ಕಂಬವನ್ನು ಯಾರೂ ನೂಕುತ್ತಿಲ್ಲ. ಹಿಡಿಯುವವರಿಲ್ಲದೆ ವಾಲುತ್ತಿವೆ, ಅಷ್ಟೇ. ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬರದ ವರದಿಗೆಂದು ಹಳ್ಳಿಯೊಂದಕ್ಕೆ ಹೋಗಿ ಒಬ್ಬ ಅಜ್ಜಿಯನ್ನು ಮಾತಾಡಿಸಿ ಬಂದೆ. ಆಕೆ ಆಡಿದ ಮಾತನ್ನು ಬರೆಯುವಾಗ ಅವಳ ಪದಗಳನ್ನೆಲ್ಲ ತೆಗೆದು ಪತ್ರಿಕೆಯ ಕನ್ನಡ ಹಾಕಿದೆ. ವ್ಯಾಕರಣ ಸರಿಹೋಯಿತು. ಅಚ್ಚಾದ ಮೇಲೆ ಓದಿದರೆ ಅಜ್ಜಿ ತಹಶೀಲ್ದಾರರ ಹಾಗೆ ಮಾತಾಡುತ್ತಿದ್ದಳು. ಆ ಮೇಲೆ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಅಲ್ಲೂ ನಾನು ಬರೆದುಕೊಂಡದ್ದು ನನ್ನ ಕನ್ನಡವನ್ನೇ. ಅವಳು ನೀರಿಲ್ಲದ ಕೆರೆಗೆ ಯಾವ ಪದ ಬಳಸಿದ್ದಳೆಂದು ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಹಿರಿಯ ಉಪಸಂಪಾದಕರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ‘ಅಂದ್ರೆ ಪಾಪ, ವ್ಯಾಂಡಲರು ಮಾಡಿದ್ದು ಕಳ್ಳತನ. ಕಿಡಿಗೇಡಿತನದ ಕೇಸು ಸುಮ್ಮನೆ ಅವರ ಮೇಲೆ ಬಿತ್ತು ಅನ್ನಿ’ ಎಂದರು. ಆಮೇಲೆ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ತಲೆಯೆತ್ತಿ, ‘ಕಿಡಿಗೇಡಿತನ... ಈ ಪದ ಆಗುತ್ತೇನ್ರೀ?’ ಎಂದರು. ಅಷ್ಟರಲ್ಲಿ ಮುಂದಿನ ಸುದ್ದಿ ಬಂತು.